ಅಮ್ಮನ ಐದು ಕಾಯಿಲೆಗಳು

ನಮ್ಮಮ್ಮನಿಗೆ ನಾಲ್ಕು ಕಾಯಿಲೆಗಳಿದ್ದವು. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಸೆಕ್ಟರಿನಲ್ಲಿ ಇಷ್ಟು ಶ್ರೀಮಂತ ಅಮ್ಮ ಇನ್ನೊಬ್ಬಳಿರಲಿಲ್ಲ. ನಾನು ಇದನ್ನು ಕ್ಲಾಸಿನಲ್ಲಿ ಕ್ರಿಕೆಟ್ ಸ್ಕೋರಿನಂತೆ ಹೇಳಿಕೊಂಡು ತಿರುಗುತ್ತಿದ್ದೆ.

ಶುರುವಾದದ್ದು ಸ್ವೆಟರಿನಿಂದ. ಕಾಗೆಗಳೂ ಕೂಲರ್ ಕೇಳುವ ಮೇ ತಿಂಗಳಲ್ಲಿ ಅಮ್ಮ ಸ್ವೆಟರ್ ಹಾಕಿಕೊಂಡಳು. ಸೌಟು ಹಿಡಿದು ನಿಂತಲ್ಲೇ ತೂಕಡಿಸಿದಳು. ಬಾತ್‌ರೂಮಿನ ಜಾಲರಿಯಲ್ಲಿ ಸಿಕ್ಕುತ್ತಿದ್ದ ಕೂದಲಿನಲ್ಲಿ ಇನ್ನೊಬ್ಬ ಅಮ್ಮನನ್ನೇ ಮಾಡಬಹುದಿತ್ತು.

ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತ. ಸರ್ಕಾರಿ ಡಿಸ್ಪೆನ್ಸರಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಹೈಪೋಥೈರಾಯ್ಡ್" ಎಂದು ಮಾತ್ರೆ ಕೊಟ್ಟರು. ಪುಕ್ಕಟೆ ಮಾತ್ರೆಯ ಮೇಲೆ ದೊಡ್ಡಮ್ಮನಿಗೆ ನಂಬಿಕೆಯಿಲ್ಲ. ಗ್ರೇಟರ್ ನೋಯ್ಡಾದಿಂದ ಕಾರು ತಂದು ಅಮ್ಮನನ್ನು ಕರೋಲ್ ಬಾಗಿನ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು "ಹಾಶಿಮೊಟೊ" ಎಂದರು. ಎದುರುಮನೆ ಆಂಟಿ ಅದು ಜಪಾನಿ ಬೈಕೆಂದುಕೊಂಡು ಮೈಲೇಜ್ ಎಷ್ಟು ಎಂದು ಕೇಳಿದಳೆಂದು ನಾನು ಎಲ್ಲರಿಗೂ ಹೇಳಿದೆ. ಆಂಟಿ ಕೇಳಿರಲಿಲ್ಲ. ಕೇಳಬೇಕಿತ್ತು.

ಅಲ್ಲಿಯ ಲ್ಯಾಬಿನ ರಿಪೋರ್ಟಿನಲ್ಲಿ "ಆಟೋಇಮ್ಯೂನ್ ಥೈರಾಯ್ಡೈಟಿಸ್" ಎಂದಿತ್ತು. ಕುತ್ತಿಗೆಗೆ ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲಿ "ಲಿಂಫೋಸೈಟಿಕ್ ಥೈರಾಯ್ಡೈಟಿಸ್". ಅಪ್ಪನ ಆಫೀಸಿನಲ್ಲಿ ಒಬ್ಬರು ಲಿಂಫೋಮಾ ಎಂಬ ಕ್ಯಾನ್ಸರಿನಿಂದ ತೀರಿಹೋಗಿದ್ದರು. ಆ 'ಲಿಂಫೋ' ನೋಡಿದ ಮೇಲೆ ಅಪ್ಪ ಊಟಕ್ಕೆ ಕೂತರೆ ಅನ್ನ ಕಲಸುತ್ತಲೇ ಇರುತ್ತಿದ್ದರು, ತಿನ್ನುತ್ತಿರಲಿಲ್ಲ. ಯಾರನ್ನೂ ಏನೂ ಕೇಳಲೂ ಇಲ್ಲ.

ಕ್ಲಿನಿಕ್ಕಿನವರೂ ಮಾತ್ರೆ ಬರೆದರು. ನಮ್ಮ ಮನೆಯಲ್ಲಿ ಒಬ್ಬ ಡಾಕ್ಟರ ಮುಂದೆ ಇನ್ನೊಬ್ಬರ ಹೆಸರೆತ್ತುವ ಪದ್ಧತಿಯಿಲ್ಲ.

"ಆ ಡಿಸ್ಪೆನ್ಸರಿ ವಿಷ್ಯ ಇಲ್ಲಿ ಬಾಯ್ಬಿಡ್ಬೇಡ ಕಣೇ. ಡಾಕ್ಟ್ರಿಗೆ ಅವಮಾನ ಆಗತ್ತೆ," ಎಂದಳು ದೊಡ್ಡಮ್ಮ.

"ಅಲ್ಲೂ ಈ ವಿಷ್ಯ ಹೇಳಲ್ಲ ಬಿಡಿ ಅತ್ತಿಗೆ," ಎಂದರು ಅಪ್ಪ. "ಪ್ರೈವೇಟ್‌ಗೆ ಹೋಗಿದ್ವಿ ಅಂದ್ರೆ, ಅಲ್ಲೇ ಹೋಗಿ ಅಂತಾರೆ."

ಹೀಗೆ ಅಮ್ಮ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಡಬ್ಬಿಯಿಂದ ಎರಡು ಮಾತ್ರೆ ನುಂಗತೊಡಗಿದಳು. ಹೈಪೋಗೆ ಒಂದು, ಹಾಶಿಮೊಟೊಗೆ ಒಂದು. ಉಳಿದೆರಡು ಕಾಯಿಲೆಗೆ ದೇವರಮನೆಯ ಕುಂಕುಮ.

ಅಮ್ಮ ಸ್ವೆಟರ್ ಬಿಸಾಕಿದಳು. ಫ್ಯಾನಿನ ರೆಕ್ಕೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಸಣ್ಣಗಾದಳು. ದೊಡ್ಡಮ್ಮ, "ನೋಡು, ಕಾಸು ಕೊಟ್ಟು ತಗೊಂಡ ಔಷಧಿ ಅಂದ್ರೆ ಇದು," ಎಂದು ಬೀಗಿದಳು. ಆಮೇಲೆ ಅಮ್ಮನ ಕೈಯಲ್ಲಿ ಕಾಫಿಯ ಲೋಟ ಬಟ್ಟಲಿಗೆ ಬಡಿದು ಟಕಟಕ ಎನ್ನತೊಡಗಿತು. "ಅಮ್ಮ ತಬಲಾ ಕಲೀತಿದಾಳೆ," ಎಂದೆ. ಅಮ್ಮನೂ ನಕ್ಕಳು. ನಗುವಾಗ ಅವಳ ಕುತ್ತಿಗೆಯ ನರ ಕುಣಿಯುತ್ತಿತ್ತು.

ಒಂದು ಸಂಜೆ ಮಾರ್ಕೆಟ್ಟಿನಲ್ಲಿ ಸೋರೆಕಾಯಿ ಆರಿಸುತ್ತಿದ್ದವಳು ತರಕಾರಿ ಭಯ್ಯಾನ ಗಾಡಿ ಹಿಡಿದು ಕುಸಿದಳು.

"ಪುಟ್ಟಾ, ಎದೆಯೊಳಗೆ ಯಾರೋ ಓಡ್ತಿದಾರೆ ಕಣೋ."

ನನಗೆ ಜೋಕು ಹೊಳೆಯಲಿಲ್ಲ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಎಳೆಯ ಡಾಕ್ಟರೊಬ್ಬ ಅಮ್ಮನ ನಾಡಿ ನೋಡಿ, "ಗ್ರೇವ್ಸ್ ಡಿಸೀಸ್ ಇರಬಹುದು," ಎಂದ. "ಅಪ್ಪಾ, ಸ್ಕೋರ್ ಐದು," ಎಂದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅಷ್ಟರಲ್ಲಿ ಹಿರಿಯ ಡಾಕ್ಟರಮ್ಮ ಬಂದು, ಯಾವ ಮಾತ್ರೆ ತಗೋತಾರೆ ಎಂದು ಹಿಂದಿಯಲ್ಲಿ ಕೇಳಿದರು. ಅಪ್ಪ ಡಿಸ್ಪೆನ್ಸರಿಯ ಡಬ್ಬಿ ಕೊಟ್ಟರು.

"ಬಸ್? ಇಷ್ಟೇನಾ?"

ಅಪ್ಪ ಹೌದೆಂದು ತಲೆಯಾಡಿಸಿದರು. ಆ ಹೊತ್ತಿನಲ್ಲೂ ಪದ್ಧತಿ ಬಿಡಲಿಲ್ಲ. ಆಕ್ಸಿಜನ್ ಮಾಸ್ಕಿನೊಳಗಿಂದ ಅಮ್ಮ ನಡುಗುತ್ತಾ ಎರಡು ಬೆರಳು ಎತ್ತಿದಳು. ಅಪ್ಪ ಚೀಲದಿಂದ ಇನ್ನೊಂದು ಡಬ್ಬಿ ತೆಗೆದರು.

ಡಾಕ್ಟರಮ್ಮ ಎರಡರ ಮೇಲಿನ ಸಣ್ಣ ಅಕ್ಷರ ಓದಿದರು. "ಕಂಪನಿ ಬೇರೆ, ಔಷಧಿ ಒಂದೇ. ಡಬಲ್ ಡೋಸ್ ತಿನ್ನಿಸಿದ್ದೀರಿ."

"ಮೇಡಂ, ಕಾಯಿಲೆ ನಾಲ್ಕು ಇತ್ತಲ್ಲ," ಎಂದು ನಾಲ್ಕರ ಹೆಸರನ್ನೂ ಒಪ್ಪಿಸಿದೆ.

"ಒಂದೇ ಬೇಟಾ. ದೇಹ ತನ್ನದೇ ಥೈರಾಯ್ಡ್ ಗ್ರಂಥಿಯನ್ನು ವೈರಿ ಅಂದುಕೊಂಡು ಹೊಡೆಯುತ್ತೆ, ಅದು ಆಟೋಇಮ್ಯೂನ್. ಇವರಿಗಿರೋ ಬಗೆಯ ಹೆಸರು ಹಾಶಿಮೊಟೊ. ಹೊಡೆಯೋ ಬಿಳಿ ರಕ್ತಕಣ ಸೂಜಿಯಲ್ಲಿ ಕಂಡರೆ ಲಿಂಫೋಸೈಟಿಕ್ ಅಂತ ಬರೀತಾರೆ, ಅದು ಕ್ಯಾನ್ಸರ್ ಅಲ್ಲ. ಏಟು ತಿಂದು ಗ್ರಂಥಿ ಸೋತರೆ ಹೈಪೋ."

"ಮತ್ತೆ ಗ್ರೇವ್ಸ್?"

"ಅದೂ ಆಟೋಇಮ್ಯೂನೇ, ಆದರೆ ಉಲ್ಟಾ. ಗ್ರಂಥಿಯನ್ನು ವಿಪರೀತ ಓಡಿಸುತ್ತೆ. ಇವರನ್ನ ಓಡಿಸಿದ್ದು ಕಾಯಿಲೆಯಲ್ಲ, ನೀವು."

ಕ್ಯಾನ್ಸರ್ ಅಲ್ಲ ಎಂದದ್ದು ಅಪ್ಪನಿಗೆ ಆಗಲೇ ಕೇಳಿಸಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದರು, ಭುಜ ಅಲುಗುತ್ತಿತ್ತು. ಉಳಿದದ್ದು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ.

ಅಮ್ಮ ಮನೆಗೆ ಬಂದಳು. ಹೃದಯ ಹಿಡಿದ ತಪ್ಪು ತಾಳವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅದಕ್ಕೆ ಬೇರೆ ಮಾತ್ರೆಯಿದೆ.

"ಅಂತೂ ಒಂದೇ ಕಾಯಿಲೆ ಅಂತಾಯ್ತಲ್ಲ," ಎಂದಳು ಮೊದಲ ದಿನ.

"ಹೂಂ. ಆದ್ರೆ ಅದು ಹೋಗಲ್ಲ," ಎಂದರು ಅಪ್ಪ.

ಈಗ ಥೈರಾಯ್ಡ್ ಮಾತ್ರೆಯನ್ನು ಅಪ್ಪನೇ ಅವಳ ಅಂಗೈಗಿಡುತ್ತಾರೆ. ಕಾಫಿ ಆಮೇಲೆ. ಅಡುಗೆಮನೆಯಿಂದ ಲೋಟದ ಸದ್ದು ಬರುತ್ತದೆ, ಮೊದಲಿಗಿಂತ ಮೆಲ್ಲಗೆ. ನಾನು ಸ್ಕೂಲಿನ ಶೂ ಒಂದೇ ಕಾಲಿಗೆ ಹಾಕಿಕೊಂಡು, ಅದು ನಿಲ್ಲುವವರೆಗೂ ಕೂತಿರುತ್ತೇನೆ. ತಬಲಾದ ಜೋಕು ಹೇಳು ಎಂದು ಅಮ್ಮನೇ ಕೇಳಿದಳು. ಮರೆತುಹೋಗಿದೆ ಎಂದೆ.