ಮಂಪರು ರಾಣಿಗೆ ಸಿಕ್ಕ ಕೆಲಸ

ಮನೆಯಲ್ಲಿ ಅವಳಿಗೆ ಮಂಪರು ರಾಣಿ ಎಂದು ಹೆಸರಿಟ್ಟವರು ಚಿಕ್ಕಪ್ಪ. ಊಟಕ್ಕೆ ಕೂತವಳು ತುತ್ತನ್ನು ಕೈಯಲ್ಲೇ ಹಿಡಿದು, ಕಿಟಕಿಯಾಚೆ ನೋಡುತ್ತ ಎತ್ತಲೋ ಹೋಗಿಬಿಡುತ್ತಿದ್ದಳು. "ರಾಣಿಯವರ ಸವಾರಿ ಹೊರಡ್ತು, ಯಾರಾದ್ರೂ ಹಿಡ್ಕೊಂಡು ಬನ್ನಿ" ಎಂದು ಚಿಕ್ಕಪ್ಪ ನಗಿಸುತ್ತಿದ್ದರು. ಅಂಥವಳು ಪರದೇಶಕ್ಕೆ ಹೋಗಿ, ಕಿವಿ ಎಷ್ಟು ಕೇಳುತ್ತದೆಂದು ಪರೀಕ್ಷಿಸುವ ವಿದ್ಯೆ ಕಲಿತು, ಪದವಿಯ ಕರಿ ಗೌನು ತೊಟ್ಟ ಫೋಟೊ ಕಳಿಸಿದಾಗ ಮನೆಮಂದಿ ಕಣ್ಣುಜ್ಜಿಕೊಂಡು ನೋಡಿದರು.

ಗೌನು ಬಾಡಿಗೆಯಂಗಡಿಗೆ ಹಿಂದಿರುಗಿತು. ಕೆಲಸದ ಬೇಟೆ ಶುರುವಾಯಿತು. ಚಳಿಗಾಲದೊಳಗೆ ಕೆಲಸ ಸಿಗದಿದ್ದರೆ ಆ ದೇಶ ಬಿಡಬೇಕು. ಇಳಿಜಾರು ಸೂರಿನ ಮಹಡಿ ಕೋಣೆಯಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡುತ್ತ ಬೆಳಗೆಲ್ಲ ಅರ್ಜಿ ಹಾಕುವಳು. ಮಧ್ಯಾಹ್ನ ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆ ಮಡಿಸುವಳು. ಬಿಸಿ ಹಬೆಯಲ್ಲಿ ಬಿಳಿ ಬಟ್ಟೆ ಉಬ್ಬಿ ಇಳಿಯುವಾಗ, ಮೋಡಗಳನ್ನೇ ಮಡಿಸಿ ಜೋಡಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಸಂದರ್ಶನಕ್ಕೆ ಕರೆಯುತ್ತಿದ್ದರು, ಇಲ್ಲವೆಂದಲ್ಲ. "ಇನ್ನೈದು ವರ್ಷದಲ್ಲಿ ಎಲ್ಲಿರ್ತೀರಿ?" ಎಂದು ಕೇಳಿದರೆ ಸಾಕು, ರಾಣಿ ನಿಜವಾಗಿಯೂ ಅಲ್ಲಿಗೆ ಹೋಗಿಬಿಡುತ್ತಿದ್ದಳು. ಅಲ್ಲಿನ ಮನೆ, ಮೆಟ್ಟಿಲು, ಮೆಟ್ಟಿಲ ಮೇಲಿನ ಬಿಸಿಲು ಎಲ್ಲ ನೋಡಿಕೊಂಡು ಮರಳುವಷ್ಟರಲ್ಲಿ ಅವರು ಫೈಲು ಮುಚ್ಚಿರುತ್ತಿದ್ದರು.

"ಏನಾಯ್ತೇ?" ಎಂದು ಅಮ್ಮ ಫೋನಿನಲ್ಲಿ ಕೇಳುವಳು.

"ತಿಳಿಸ್ತೀವಿ ಅಂದ್ರಮ್ಮ."

"ಅವ್ರು ತಿಳಿಸೋದೂ ಒಂದೇ, ನಿಮ್ಮಪ್ಪ ನಲ್ಲಿ ರಿಪೇರಿ ಮಾಡಿಸೋದೂ ಒಂದೇ ಬಿಡು."

ಒಂದು ಮಂಜು ಮುಸುಕಿದ ಬೆಳಗ್ಗೆ ಅವಳು ಚಪ್ಪಲಿ ಅಂಗಡಿಯೊಂದರ ಮೇಲಿದ್ದ ಕಿವಿ ಚಿಕಿತ್ಸಾಲಯಕ್ಕೆ ಹೋದಳು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಮುಖ್ಯಸ್ಥೆ, ಬೇರೆ ಜಾಗವಿಲ್ಲದೆ, ಸದ್ದು ನುಸುಳದ ಪರೀಕ್ಷಾ ಕೋಣೆಯಲ್ಲೇ ಅವಳನ್ನು ಕಾಯಲು ಕೂರಿಸಿ ಹೋದಳು. ದಪ್ಪ ಬಾಗಿಲು ಮುಚ್ಚಿದ್ದೇ ತಡ, ಬೀದಿ, ಟ್ರಾಮು, ಮಂಜು ಎಲ್ಲ ಕರಗಿಹೋದವು. ಹತ್ತಿಯೊಳಗೆ ಹುದುಗಿದಂಥ ಮೌನ. ರಾಣಿಯ ಸವಾರಿ ಹೊರಟೇಬಿಟ್ಟಿತು.

ಅವಳನ್ನು ವಾಪಸು ಎಳೆತಂದದ್ದು ಒದ್ದೆ ಕೋಟಿನ ಒಬ್ಬ ಅಜ್ಜಿ. ಒಳಗೆ ಬಂದವಳೇ ಕುರ್ಚಿಯಲ್ಲಿ ಕೂತು, ತಾನೇ ಹೆಡ್‌ಫೋನು ಹಾಕಿಕೊಂಡು, ಸದ್ದು ಕೇಳಿಸಿದಾಗ ಒತ್ತುವ ಬಟನ್ನು ಕೈಗೆತ್ತಿಕೊಂಡಳು.

"ಶುರು ಮಾಡಮ್ಮ."

ರಾಣಿ ಅವಳೆದುರು ಬಾಗಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ನಾನೂ ಕೆಲ್ಸ ಕೇಳ್ಕೊಂಡು ಬಂದವಳು, ಅಜ್ಜಿ."

"ಸರಿ, ಇಬ್ರೂ ಕಾಯೋಣ."

ಪರೀಕ್ಷೆಯ ಯಂತ್ರವನ್ನು ಇನ್ನೂ ಯಾರೂ ಹಚ್ಚಿರಲಿಲ್ಲ. ಆದರೂ ಅಜ್ಜಿಯ ಹೆಬ್ಬೆರಳು ಆಗಾಗ ಬಟನ್ನು ಒತ್ತುತ್ತಿತ್ತು.

"ಏನಾದ್ರೂ ಕೇಳಿಸ್ತಿದೆಯಾ?"

"ನಮ್ಮನೆಯವ್ರ ಸಿಳ್ಳೆ" ಎಂದಳು ಅಜ್ಜಿ, ಸಂಕೋಚದಿಂದ. ದೋಣಿ ನಡೆಸುತ್ತಿದ್ದ ಗಂಡ ಸಂಜೆ ಮನೆ ಹತ್ತಿರವಾದಂತೆ ಸಿಳ್ಳೆ ಹಾಕುತ್ತಿದ್ದನಂತೆ. ಅವನು ಹೋದ ಮೇಲೂ ಅದು ನಿಂತಿಲ್ಲ. "ಪರೀಕ್ಷೆ ಮಾಡೋರು ಬೈತಾರೆ. ಸದ್ದಿಲ್ದೆ ಒತ್ಬೇಡಿ ಅಂತಾರೆ. ಲೆಕ್ಕವೆಲ್ಲ ತಪ್ಪಿ, ಅವ್ರು ಕೊಟ್ಟ ಕಿವಿಯಂತ್ರ ಸರಿಹೋಗ್ದೆ ಡ್ರಾಯರಿನಲ್ಲಿ ಬಿದ್ದಿದೆ."

ರಾಣಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಹೀಗೆ ಮಾಡಿ ಅಜ್ಜಿ. ಅವ್ರ ಸಿಳ್ಳೆ ಕೇಳಿಸಿದ್ರೆ ಎಡಗೈ ಎತ್ತಿ. ಅದು ಮುಗಿಯೋವರೆಗೂ ಪರೀಕ್ಷೆ ಮಾಡೋರು ಕಾಯ್ತಾರೆ. ಯಂತ್ರದ ಸದ್ದು ಬಂದ್ರೆ ಮಾತ್ರ ಒತ್ತಿ."

ಕೋಣೆಯ ಗಾಜಿನ ಕಿಟಕಿಯಾಚೆ ನಿಂತು, ಒಳಗಿನ ಮೈಕಿನ ಮೂಲಕ ಎಲ್ಲವನ್ನೂ ಕೇಳಿಸಿಕೊಂಡ ಮುಖ್ಯಸ್ಥೆ, ಕನ್ನಡಕ ಇಳಿಸಿಕೊಂಡು ಯಂತ್ರದ ಮುಂದೆ ಕೂತಳು. ಅಜ್ಜಿಯ ಎಡಗೈ ಮೇಲೇರಿದಾಗಲೆಲ್ಲ ಕಾದಳು. ಇಳಿದ ಮೇಲೆ ಮತ್ತೆ ಸದ್ದು ಕೊಟ್ಟಳು. ಪರೀಕ್ಷೆ ಮೊದಲ ಬಾರಿಗೆ ಸರಿಯಾಗಿ ಮುಗಿಯಿತು.

"ಈ ಉಪಾಯ ಎಲ್ಲಿ ಕಲಿತ್ರಿ?" ಎಂದು ಆಮೇಲೆ ರಾಣಿಯನ್ನು ಕೇಳಿದಳು.

"ಎಲ್ಲೂ ಇಲ್ಲ. ನಾನೂ ಹಾಗೇ ಎಲ್ಲೆಲ್ಲೋ ಹೋಗ್ತಿರ್ತೀನಿ. ಹೋದೋರ್ನ ಬೈದು ಕರೆದ್ರೆ ಬರಲ್ಲ, ಕಾದ್ರೆ ಬರ್ತಾರೆ."

ಮುಖ್ಯಸ್ಥೆ ನಕ್ಕಳು. ಐದು ವರ್ಷದ ಪ್ರಶ್ನೆ ಬರಲೇ ಇಲ್ಲ. ತನ್ನ ಕೈಕೆಳಗೆ ಒಂದು ವರ್ಷದ ಕೆಲಸ, ಉಳಿಯಲು ಬೇಕಾದ ಪರವಾನಗಿಗೆ ಚಿಕಿತ್ಸಾಲಯದ ಶಿಫಾರಸು, ಎರಡನ್ನೂ ಕೊಡಲು ಅಂದೇ ಒಪ್ಪಿಕೊಂಡಳು. ಸುದ್ದಿ ಕೇಳಿದ ಅಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಹೊಸ ಕಿವಿಯಂತ್ರ ಹಾಕಿಕೊಂಡ ಅಜ್ಜಿ ಕೆಲವು ವಾರಗಳಾದ ಮೇಲೆ ತೋರಿಸಲು ಬಂದಳು. ರಾಣಿ ಅಳುಕುತ್ತಲೇ ಕೇಳಿದಳು: "ಸಿಳ್ಳೆ?"

"ಕಮ್ಮಿಯಾಗಿದೆ ಮಗು. ಪಕ್ಕದ ಮನೆ ಕೂಸು ಅಳೋದು, ಕೆಟ್ಲು ಕುದಿಯೋದು ಎಲ್ಲ ಕೇಳಿಸ್ತಿದೆ. ಸಂಜೆ ಮಾತ್ರ ಇದನ್ನ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂರ್ತೀನಿ."

ರಾಣಿ ಅವಳಿಗೆ ಕೋಟು ತೊಡಿಸಿ, ಮೆಟ್ಟಿಲವರೆಗೂ ಕೈಹಿಡಿದು ಬಂದಳು. ಆಮೇಲೆ ಒಳಗೆ ಹೋಗಿ ಮುಂದಿನವರನ್ನು ಕರೆದಳು.