ತಮ್ಮನಿಗೆ ತೋರಿಸದ ಜಾಲರಿ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಹಿಂದೂಪುರದ ಒಂದು ಟ್ರಾಕ್ಟರ್ ಶೆಡ್ಡು ಸೇರಿದೆ. ಅಲ್ಲಿ ಕೆಲಸ ಕಲಿಸಿದ ಮೇಸ್ತ್ರಿ ಒಂದು ಪದ್ಧತಿ ಇಟ್ಟಿದ್ದರು. ಟ್ರಾಕ್ಟರ್ ಹಿಂದೆ ಕಟ್ಟಿದ ಸಲಕರಣೆಯನ್ನು ಎತ್ತಿಳಿಸುವ ಲಿಫ್ಟಿನ ಹೈಡ್ರಾಲಿಕ್ ಎಣ್ಣೆ ಬದಲಿಸುವಾಗ, ಎಣ್ಣೆ ಸೋಸುವ ಜಾಲರಿಯನ್ನು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಮತ್ತೆ ಕೂರಿಸುವ ಮೊದಲು ಗಾಡಿಯವನ ಕೈಗೆ ಕೊಡಬೇಕು. ಅವನು ಬೆಳಕಿಗೆ ಹಿಡಿದು ನೋಡಿ ಸರಿ ಅಂದಮೇಲೆಯೇ ಮುಚ್ಚಳ. ಗುರುತು ಪರಿಚಯವಿಲ್ಲದ ಎಷ್ಟೋ ಜನರ ಕೈಗೆ ನಾನು ಜಾಲರಿ ಕೊಟ್ಟಿದ್ದೇನೆ. ತಮ್ಮನ ಕೈಗೆ ಕೊಡಲಿಲ್ಲ.

ತಮ್ಮ ಇರುವುದು ಕಲ್ಯಾಣದುರ್ಗದ ಹತ್ತಿರದ ನಮ್ಮೂರಲ್ಲೇ. ದಾಳಿಂಬೆ ಸಾಲುಗಳ ನಡುವೆ ಉಳಲೆಂದು ಹಳೆಯ ಮಿನಿ ಟ್ರಾಕ್ಟರ್ ಒಂದನ್ನು, ಅದರ ಹಿಂದೆ ಕಟ್ಟಲು ಮಣ್ಣು ಪುಡಿಮಾಡುವ ಬ್ಲೇಡುಗಳ ರೋಟವೇಟರ್ ಒಂದನ್ನು ತಂದಿದ್ದ. ಆ ವರ್ಷ ಮಳೆ ನಿಂತ ಮೇಲೆ ಫೋನು ಮಾಡಿದ.

"ಅಣ್ಣಾ, ರೋಟವೇಟರ್ ಎತ್ತುದ್ರೆ ಮುದುಕಿ ಎದ್ದಂಗೆ ಏಳ್ತದೆ ಕಣಣ್ಣ, ನಡುಗ್ಕಂಡು ನಡುಗ್ಕಂಡು. ನೀನೇ ಬಾ."

"ಅಲ್ಲೇ ಮೆಕ್ಯಾನಿಕ್ ಅವ್ನಲ್ಲೋ."

"ಮನೇಲೇ ಡಾಕ್ಟ್ರನ್ನ ಇಟ್ಕಂಡು ಬ್ಯಾರೆಯೋರ ತಾವ ಯಾಕ್ ಹೋಗ್ಲಿ?"

"ಬತ್ತೀನಿ ಬಿಡು," ಅಂದೆ. ನನಗೂ ಒಳಗೊಳಗೆ ಹೆಮ್ಮೆಯೇ.

ಹೊಸ ಎಣ್ಣೆಯ ಡಬ್ಬಗಳನ್ನು ಹಿಡಿದು ಬಸ್ಸಿನಲ್ಲಿ ಹೋದೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ರೋಟವೇಟರ್ ಪೂರ್ತಿ ಇಳಿಸಿ, ಎಂಜಿನ್ ಆರಿಸಿ, ಅಳತೆ ಕಡ್ಡಿಯನ್ನು ಒರೆಸಿ ಅದ್ದಿ ತೆಗೆದೆ. ಮಟ್ಟ ಸರಿಯಿತ್ತು. ಬಣ್ಣ ಮಾತ್ರ ಹಾಲು ಜಾಸ್ತಿಯಾದ ಟೀಯ ಹಾಗಿತ್ತು. ಮಳೆಯ ನೀರು ಒಳಗೆ ಸೇರಿತ್ತು. ಕೆಳಗಿನ ಬೋಲ್ಟು ಬಿಚ್ಚಿ ಎಣ್ಣೆಯನ್ನು ಬಾಣಲೆಗೆ ಇಳಿಬಿಟ್ಟೆ.

ಜಾಲರಿಯ ಮುಚ್ಚಳದ ಒಂದು ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರ್ ಜಾರಿ ಬೆರಳ ಗೆಣ್ಣು ಕಿತ್ತುಹೋಯಿತು. ಹಿಂದೂಪುರದ ನೇರ ಬಸ್ಸಿಗೆ ಹೊತ್ತಾಗುತ್ತಿತ್ತು. ಅದು ತಪ್ಪಿದರೆ ಸೋಮಂದೇಪಲ್ಲಿಯಲ್ಲಿ ಇಳಿದು ಇನ್ನೊಂದಕ್ಕೆ ಕಾಯಬೇಕು. ತಮ್ಮ ನನಗೋಸ್ಕರ ಕಡಲೆಕಾಯಿ ಬೇಯಿಸಲು ಹೇಳಲೆಂದು ಮನೆಗೆ ಹೋಗಿದ್ದ. ನೋಡುವವರು ಯಾರೂ ಇರಲಿಲ್ಲ. ಆ ಬೋಲ್ಟನ್ನು ಹಾಗೇ ಬಿಟ್ಟು, ಜಾಲರಿ ಬಿಚ್ಚದೆ, ಕೆಳಗಿನ ಬೋಲ್ಟು ಬಿಗಿದು ಹೊಸ ಎಣ್ಣೆ ಸುರಿದೆ.

ಅವನು ಬಂದಾಗ ಕೈ ಒರೆಸಿಕೊಳ್ಳುತ್ತ, "ಜಾಲರಿ ಗೀಲರಿ ಎಲ್ಲಾ ತೊಳ್ದಿವ್ನಿ. ಇನ್ನು ಎತ್ತಿದ್ದು ಬಂಡೆ ನಿಂತಂಗೆ ನಿಲ್ತದೆ ಕಣ್ಲಾ," ಅಂದೆ.

"ನೀನು ಮಾಡಿದ್ಮೇಲೆ ನೋಡಾದೇನೈತೆ," ಎಂದು ನಗುತ್ತ ಸೀಟು ಹತ್ತಿ ರೋಟವೇಟರ್ ಎತ್ತಿದ. ಹೊಸ ಎಣ್ಣೆಗೆ ಅದು ಸಲೀಸಾಗಿ ಎದ್ದಿತು. ಬಿಸಿ ಕಡಲೆಕಾಯಿ ಕಟ್ಟಿಸಿಕೊಂಡು ನಾನು ಬಸ್ಸು ಹತ್ತಿದೆ.

ಬೇಸಿಗೆಯಲ್ಲಿ ಒಂದು ದಿನ ಡ್ರಿಪ್ ಪೈಪು ರೋಟವೇಟರಿನ ಬ್ಲೇಡುಗಳಿಗೆ ಸುತ್ತಿಕೊಂಡಿತು. ಅವನು ಲಿಫ್ಟು ಎತ್ತಿ, ಎಂಜಿನ್ ಆರಿಸಿ, ಪೈಪು ಬಿಡಿಸಲು ಕೈ ಹಾಕಿದ. ಮೊದಲೆಲ್ಲ ಎತ್ತಿದ ರೋಟವೇಟರಿನ ಕೆಳಗೆ ಆಸರೆಗೆ ಒಂದು ಮರದ ದಿಮ್ಮಿ ಕೊಡುತ್ತಿದ್ದ. ಅವತ್ತು ಕೊಡಲಿಲ್ಲ. ರೋಟವೇಟರ್ ಕುಸಿದು ಬಲಗೈಯ ಮೂರು ಬೆರಳು ಹೋದವು.

ಅವನು ಆಸ್ಪತ್ರೆಯಿಂದ ಬಂದ ಮೇಲೆ ಕಲ್ಯಾಣದುರ್ಗದ ಮೆಕ್ಯಾನಿಕ್ ಬಂದು ಗಾಡಿ ಬಿಚ್ಚಿದ. ನಾನೂ ಅಲ್ಲಿದ್ದೆ. ಜಾಲರಿಯ ತುಂಬ ಅಂಬಲಿಯಂಥ ಕೆಸರು.

"ಈ ಕಸಾನೇ ವಾಲ್ವಿಗೆ ಸಿಕ್ಕಂಡು ಲಿಫ್ಟು ಇಳಿದದೆ," ಅಂದ ಮೆಕ್ಯಾನಿಕ್. "ಚೂಡಪ್ಪಾ, ಇಲ್ನೋಡು, ಗಾಡಿ ತಂದಾಗಿಂದ ಇದ್ನ ಯಾರೂ ಬಿಚ್ಚೇ ಇಲ್ಲ."

ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಗೆ ಒತ್ತಿ ಮಂಚದ ಮೇಲೆ ಕೂತಿದ್ದ ತಮ್ಮನಿಗೆ ಸಿಟ್ಟು ಬಂತು. "ಏಯ್, ನಮ್ಮಣ್ಣ ತೊಳ್ದವ್ನೆ ಕಣಯ್ಯ. ಆಮೇಲೆ ತುಂಬ್ಕಂಡಿರ್ತದೆ. ದಿಮ್ಮಿ ಕೊಡ್ದೆ ಕೈ ಇಕ್ಕಿದ್ದು ನನ್ ತಪ್ಪು."

ಮೆಕ್ಯಾನಿಕ್ ನನ್ನ ಮುಖ ನೋಡಿದ. "ಸರ್ಲೇ, ಆಯ್ತು ಬಿಡು," ಎಂದಷ್ಟೇ ಹೇಳಿ ಜಾಲರಿ ತೊಳೆಯಲು ಕೂತ. ನಾನು ಡೀಸೆಲ್ ಡಬ್ಬವನ್ನು ಅವನತ್ತ ಸರಿಸಿದೆ.

ಆಮೇಲೆ ನೋಡಲು ಬಂದವರಿಗೆಲ್ಲ ತಮ್ಮ ಅದನ್ನೇ ಹೇಳಿದ: "ತಪ್ಪು ನಂದೇ." ಅವನ ಹೆಂಡತಿ ಎಡಗೈಯಲ್ಲಿ ಉಣ್ಣುವ ಅವನ ತಟ್ಟೆಗೆ ಮುದ್ದೆ ಮುರಿದು ಹಾಕುತ್ತ, "ಒಂದು ದಿಮ್ಮಿ ಇಕ್ಕಾಕೆ ಏನಾಗಿತ್ತು ನಿಂಗೆ," ಎಂದು ಬೈಯುತ್ತಿದ್ದಳು. ಅದನ್ನು ಕೇಳುತ್ತ ನಾನೂ ಪಕ್ಕದಲ್ಲೇ ಕೂತು ಉಂಡೆ.

ಮತ್ತೆ ಎಣ್ಣೆ ಬದಲಿಸುವ ಕಾಲಕ್ಕೆ ಅವನು ನನ್ನನ್ನೇ ಕರೆದ. ಜಾಲರಿ ಬಿಚ್ಚಿ ತೊಳೆದು ಅವನ ಎಡಗೈಗೆ ಕೊಟ್ಟೆ. "ಅವತ್ತು ಇದ್ನ ಬಿಚ್ಚಿರ್ಲಿಲ್ಲ ಕಣ್ಲಾ. ಬಸ್ಸಿಗೆ ಹೊತ್ತಾಗಿತ್ತು."

ಅವನು ಜಾಲರಿಯನ್ನೇ ನೋಡುತ್ತಿದ್ದ. "ಬಸ್ಸಿಗಾ?" ಅಂದ.

"ಹೂಂ."

"ಒಂದಿನ ಉಳ್ಕಂಡಿದ್ರೆ ಆಗ್ತಿತ್ತಲ್ಲಣ್ಣ. ಕಡ್ಲೆಕಾಯಿ ಬೇಯ್ಸಿದ್ವಿ."

ಸರಿ ಅನ್ನಲಿಲ್ಲ. ಜಾಲರಿಯನ್ನು ವಾಪಸು ಕೊಟ್ಟು ಮನೆಯೊಳಗೆ ಹೋದ. ಹೆಂಡತಿಗೂ ಹೇಳಲಿಲ್ಲವೆಂದು ಕಾಣುತ್ತದೆ. ಅವಳು ಇವತ್ತಿಗೂ ಅವನನ್ನೇ ಬೈಯುತ್ತಾಳೆ.

ಈಗಲೂ ಕರೆಯುವುದು ನನ್ನನ್ನೇ. ಮುಚ್ಚಳ ಹಾಕುವ ಮೊದಲು ಹತ್ತಿರ ಬಂದು ಎಡಗೈ ಚಾಚುತ್ತಾನೆ. ಜಾಲರಿಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಾನೆ. ನಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ. ರಸ್ತೆಯಲ್ಲಿ ಹಿಂದೂಪುರದ ಬಸ್ಸು ಹಾರ್ನ್ ಹೊಡೆದುಕೊಂಡು ಹೊರಟುಹೋಗುತ್ತದೆ.