ಬಯಲೂರಿನ ದವಾಖಾನೆ ಮುಚ್ಚಿದವರು

ದಕ್ಷಿಣ ಸ್ವೀಡನ್ನಿನ ಬಯಲಿನಲ್ಲಿ ಒಂದು ದವಾಖಾನೆ ಮುಚ್ಚಿಸಲು ನಾನು ನೆರವಾದೆ. ಗೊತ್ತಿಲ್ಲದೆ ನೆರವಾದೆ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಪೂರ್ತಿ ನಿಜವಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ಕಾರ್ಲ್‌ಸ್ಕ್ರೂನಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಸಣ್ಣ ಊರುಗಳ ಸರ್ಕಾರಿ ದವಾಖಾನೆಗಳಿಗೆ ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ ಹಾಕಿಕೊಡುವುದು ನನ್ನ ಕೆಲಸ. ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದೆ. ಎರಡೂ ಕಡೆ ಗೋಧಿಯ ಹೊಲ, ದೂರದಲ್ಲಿ ಚರ್ಚಿನ ಗೋಪುರ, ಹತ್ತಿರ ಹೋದರೆ ಒಂದೇ ಬೀದಿಯ ಪೇಟೆ. ಒಂದೂರಲ್ಲಿ ಅಂಚೆ ಕಚೇರಿ ಮುಚ್ಚಿತ್ತು, ಇನ್ನೊಂದರಲ್ಲಿ ಬ್ಯಾಂಕು, ಮತ್ತೊಂದರಲ್ಲಿ ರೈಲೇ ನಿಲ್ಲುತ್ತಿರಲಿಲ್ಲ. ಗದಗಿನ ಎರೆಹೊಲಗಳ ನಡುವೆ ಬೆಳೆದವಳು ನಾನು. ಬಯಲಿನ ಊರು ಹೇಗೆ ಬತ್ತುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಜೂನಿನಲ್ಲಿ ಹೋದ ಒಂದೂರಿನ ದವಾಖಾನೆಯಲ್ಲಿ ಅರವತ್ತರ ಹತ್ತಿರದ ನರ್ಸ್ ಒಬ್ಬರಿದ್ದರು. ಮೂರು ದಿನ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದೆ. ಫೀಕಾ ಎಂದು ಅಲ್ಲಿಯವರು ಕರೆಯುವ ಕಾಫಿ ಬಿಡುವಿನ ಹೊತ್ತಿಗೆ ಕಾಫಿಯ ಜೊತೆ ಏಲಕ್ಕಿ ಬನ್ನು ಮುಂದಿಟ್ಟು ನನ್ನ ಮುರುಕು ಸ್ವೀಡಿಷ್ ತಿದ್ದುತ್ತಿದ್ದರು. ಮುದುಕರು ಫೋನು ಗೀನು ಮಾಡದೆ, ಬಾಗಿಲಲ್ಲೇ ಟ್ರ್ಯಾಕ್ಟರ್ ನಿಲ್ಲಿಸಿ ಒಳಗೆ ಬಂದುಬಿಡುತ್ತಿದ್ದರು. ನರ್ಸ್ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು, ಬಿ.ಪಿ. ನೋಡುತ್ತಿದ್ದರು. ಅದನ್ನೆಲ್ಲ ಬರೆಯಲು ನಮ್ಮ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಫೋನಿನಲ್ಲಿ ಸಮಯ ಕೇಳಿದವರನ್ನಷ್ಟೇ ಅದು ರೋಗಿಯೆಂದು ಎಣಿಸುತ್ತಿತ್ತು.

"ಇದನ್ನ ಹಾಕಿದ ಮೇಲೆ ನಮ್ಮನ್ನ ಮುಚ್ಚಿಬಿಡ್ತಾರಾ?" ಎಂದು ನರ್ಸ್ ಕೊನೆಯ ದಿನ ಕೇಳಿದರು.

"ಇಲ್ಲ, ಇಲ್ಲ. ಜನ ಕಾಯೋದು ಕಡಿಮೆಯಾಗ್ಲಿ ಅಂತ ಹಾಕ್ತಿರೋದು," ಎಂದೆ. ನನಗೂ ಅಷ್ಟೇ ಹೇಳಿದ್ದರು.

ವಾಪಸಾದವಳೇ ತಂಡದ ಮುಖ್ಯಸ್ಥರ ಬಳಿ ಹೋದೆ. ಅವರು ಬೆಂಗಳೂರಿನವರು. ಸ್ವೀಡಿಷರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನಮಗೆ ಮಾತ್ರ ಅವರು ಸರ್.

"ಸರ್, ಅರ್ಧ ಜನ ಲೆಕ್ಕಕ್ಕೇ ಬರ್ತಿಲ್ಲ."

"ನೋಡಮ್ಮ, ಅದು ನಮ್ ಸ್ಕೋಪಲ್ಲಿಲ್ಲ. ಕ್ಲೈಂಟ್ ಕೇಳಿರೋದು ಬುಕಿಂಗ್ ಡೇಟಾ. ಅಷ್ಟ್ ಕೊಡು. ನಿನ್ ವರ್ಕ್ ಪರ್ಮಿಟ್ ರಿನ್ಯೂವಲ್ ಬೇರೆ ಬರ್ತಿದೆ ಅಲ್ವಾ? ಅದರ ಕಡೆ ಗಮನ ಇರ್ಲಿ."

ಆ ಪರ್ಮಿಟ್ ಸಿಗದಿದ್ದರೆ ದೇಶ ಬಿಟ್ಟು ಊರಿಗೆ ವಾಪಸಾಗಬೇಕಿತ್ತು. ತಿಂಗಳು ತಿಂಗಳೂ ರೋಗಿಗಳ ಲೆಕ್ಕದ ಪಟ್ಟಿ ತಯಾರಿಸಿ ಕೊಟ್ಟೆ.

ನವೆಂಬರಿನಲ್ಲಿ ಆ ಊರಿನ ಶಾಲೆಯ ಊಟದ ಕೋಣೆಯಲ್ಲಿ ಸರ್ಕಾರದವರು ದವಾಖಾನೆಯ ಬಗ್ಗೆ ಸಭೆ ಕರೆದರು. ಪ್ರೊಜೆಕ್ಟರ್ ಕೈಕೊಟ್ಟರೆ ಇರಲಿ ಎಂದು ಮುಖ್ಯಸ್ಥರು ನನ್ನನ್ನೂ ಕರೆದೊಯ್ದರು. ಊರಿಗೆ ಊರೇ ಬಂದಿತ್ತು. ಅಧಿಕಾರಿಯೊಬ್ಬರು ನನ್ನದೇ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ, ಇಲ್ಲಿಗೆ ರೋಗಿಗಳು ಬರುವುದೇ ಕಡಿಮೆ, ಮುಚ್ಚುವುದು ಅನಿವಾರ್ಯ ಎಂದರು. ನಮ್ಮ ಮುಖ್ಯಸ್ಥರು ಹೌದೆಂದು ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿದ್ದ ನರ್ಸ್ ಪರದೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ನಾನು ಎದ್ದು ನಿಂತೆ.

"ಈ ಪಟ್ಟಿ ಮಾಡಿದವಳು ನಾನು. ಇದು ತಪ್ಪು. ಫೋನ್ ಮಾಡದೆ ಬಂದವರು ಒಬ್ಬರೂ ಇದರಲ್ಲಿಲ್ಲ," ಎಂದು ಸ್ವೀಡಿಷಿನಲ್ಲೇ ಹೇಳಿದೆ. ವ್ಯಾಕರಣ ಎಲ್ಲೋ ಹೋಯಿತು, ಆದರೂ ಎಲ್ಲರಿಗೂ ತಿಳಿಯಿತು. ಹಿಂದಿನಿಂದ ಮುದುಕನೊಬ್ಬ, "ಅಂದ್ರೆ ನಾನೂ ಇಲ್ವಾ ಅದರಲ್ಲಿ?" ಎಂದು ಕೂಗಿದ. ಕೋಣೆಯೆಲ್ಲ ಗದ್ದಲವಾಯಿತು.

ಮುಖ್ಯಸ್ಥರು ನನ್ನತ್ತ ಬಾಗಿದರು. "ಕೂತ್ಕೋ. ಕಂಪನಿ ಮಾನ ಕಳೀಬೇಡ."

ಆಫೀಸಿನಲ್ಲಿ ಬೆಂಗಳೂರಿನವರ ಹಾಗೆ ಮಾತಾಡಿ ರೂಢಿಯಾಗಿದ್ದ ನನ್ನ ಬಾಯಿಂದ ಗದಗಿನ ಮಾತೇ ಬಂತು. "ಯಾರ ಮಾನರೀ? ಗೊತ್ತಿದ್ದೂ ಸುಳ್ಳ ತೋರ್ಸಾಕತ್ತೀರಿ. ನಾ ಕುಂದ್ರಂಗಿಲ್ಲ."

ಪರಿಶೀಲಿಸುತ್ತೇವೆ ಎಂದು ಅಧಿಕಾರಿ ಸಭೆ ಮುಗಿಸಿದರು. ಏನನ್ನೂ ಪರಿಶೀಲಿಸಲಿಲ್ಲ. ಏಪ್ರಿಲ್ ಹೊತ್ತಿಗೆ ದವಾಖಾನೆಗೆ ಬೀಗ ಬಿತ್ತು. ಮಂಡಿ ನೋವಿನ ಮುದುಕರು ಎರಡು ಬಸ್ಸು ಬದಲಿಸಿ ಬೇರೆ ಊರಿಗೆ ಹೋಗಬೇಕಾಯಿತು. ಮುಖ್ಯಸ್ಥರಿಗೆ ಬಡ್ತಿ ಸಿಕ್ಕಿತು. ನನ್ನನ್ನು ಆ ಕೆಲಸದಿಂದ ತೆಗೆದು ಯಾರಿಗೂ ಬೇಡದ ಹಳೆಯ ಪ್ರೋಗ್ರಾಮುಗಳ ಮುಂದೆ ಕೂರಿಸಿದರು. ಆರು ತಿಂಗಳು ಹಲ್ಲು ಕಚ್ಚಿಕೊಂಡಿದ್ದು, ರಾಜಧಾನಿಯ ಪಕ್ಕದ ಸೋಲ್ನಾದಲ್ಲಿ ಬೇರೆ ಕೆಲಸ ಹುಡುಕಿಕೊಂಡೆ.

ಕಾರ್ಲ್‌ಸ್ಕ್ರೂನಾ ಬಿಡುವ ಮುನ್ನ ನರ್ಸ್‌ಗೆ ಫೋನು ಮಾಡಿ ಕ್ಷಮೆ ಕೇಳಿದೆ. 

"ಸಭೇಲಿ ಹೇಳಿದ್ದು ಒಳ್ಳೇದಾಯ್ತು," ಎಂದರು ಅವರು. "ಆದರೆ ಫೋನ್ ಮಾಡದೆ ಬಂದವರು ಲೆಕ್ಕಕ್ಕೆ ಬರಲ್ಲ ಅಂತ ಜೂನಲ್ಲೇ ನನಗೆ ಹೇಳಿದ್ದಿದ್ರೆ, ಬಂದವರ ಹೆಸರನ್ನೆಲ್ಲ ನಾನೇ ಪುಸ್ತಕದಲ್ಲಿ ಬರೆದಿಡ್ತಿದ್ದೆ. ಯಾಕೆ ಹೇಳಲಿಲ್ಲ ನೀನು?"

ಪರ್ಮಿಟ್ಟಿನ ವಿಷಯ ನಾಲಗೆ ತುದಿಗೆ ಬಂತು. ಹೇಳಲು ನಾಚಿಕೆಯಾಯಿತು.